ಶಿವಲಿಂಗಪ್ಪನ ರೆಪ್ಪೆಗಳು

ಸಾಂಗ್ಲಿಯ ಅರಿಷಿಣ ಪೇಟೆಯಲ್ಲಿ ಶಿವಲಿಂಗಪ್ಪನಿಗೆ ‘ನಿದ್ದಿಗಣ್ಣ ಶೇಟಜಿ’ ಎಂಬ ಹೆಸರು ಬಿದ್ದು ಬಹಳ ಕಾಲವಾಗಿತ್ತು. ನಿದ್ದೆಗೂ ಅವನಿಗೂ ಸಂಬಂಧವಿರಲಿಲ್ಲ. ಎರಡೂ ಕಣ್ಣುಗಳ ಮೇಲ್ರೆಪ್ಪೆಯ ಚರ್ಮ ಸಡಿಲಾಗಿ, ಮಡಿಕೆ ಬಿದ್ದು, ರೆಪ್ಪೆಗೂದಲಿನ ಮೇಲೆ ಕೂತು, ಪಾಪೆಯ ಅರ್ಧದ ತನಕ ಇಳಿದಿತ್ತು. ಎದುರು ಕೂತವರಿಗೆ ಕಾಣುತ್ತಿದ್ದುದು ಒಂದು ತೆಳ್ಳಗಿನ ಸೀಳು, ಅದರೊಳಗೆ ಕಪ್ಪಗೆ ಏನೋ ಹೊಳಪು. ಮಾಲು ಅವನಿಗೆ ಬೇಕಾಗಿದೆಯೋ ಬೇಡವೋ, ಸಿಟ್ಟು ಬಂದಿದೆಯೋ ಸಂತೋಷವಾಗಿದೆಯೋ, ಆ ಸೀಳಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಬಂಡವಾಳ ಬೇಡ ಎಂದು ದಲಾಲರು ಹೇಳುತ್ತಿದ್ದರು.

ಹಿಂದೆ ಆ ಪೇಟೆಯ ದರವೆಲ್ಲ ರುಮಾಲಿನ ಕೆಳಗೆ ಕುದುರುತ್ತಿತ್ತು. ಕೊಳ್ಳುವವನೂ ಮಾರುವವನೂ ಕೈ ಕೂಡಿಸಿ, ಮೇಲೆ ರುಮಾಲು ಹೊದಿಸಿ, ಬೆರಳು ಹಿಡಿದು ಸಾವಿರ, ಗೆಣ್ಣು ಒತ್ತಿ ಐನೂರು ಎಂದು ಮಾತಿಲ್ಲದೆ ಮಾತಾಡುತ್ತಿದ್ದರು. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ. ಈಗ ಲಿಲಾವು, ಅಂದರೆ ಹರಾಜು, ಬಹಿರಂಗ, ಕೈ ಎತ್ತಿ ಕೂಗಬೇಕು. ಆದರೂ ಶಿವಲಿಂಗಪ್ಪನ ಮನೆತನದಲ್ಲಿ ರುಮಾಲು ವರ್ಷಕ್ಕೊಮ್ಮೆ ಹೊರಗೆ ಬರುತ್ತಿತ್ತು; ಯುಗಾದಿಯ ದಿನ, ಇಲ್ಲಿಯವರು ಪಾಡ್ವಾ ಅನ್ನುವ ದಿನ. ತಂದೆ ಮನಸ್ಸಿನಲ್ಲಿ ಒಂದು ದರ ಹಿಡಿದು ಅದನ್ನು ದಲಾಲನ ಕಿವಿಯಲ್ಲಿ ಹೇಳಬೇಕು. ಮಗ ರುಮಾಲಿನ ಕೆಳಗೆ ತಂದೆಯ ಬೆರಳುಗಳ ಮೇಲೆ ದರಗಳನ್ನು ಒಂದೊಂದಾಗಿ ಮುಟ್ಟುತ್ತ ಅವನ ಮುಖ ಓದಬೇಕು. ತಂದೆ ಕೈ ಅಲುಗಿಸುವಂತಿಲ್ಲ, ಮುಖ ತಿರುಗಿಸುವಂತಿಲ್ಲ. ಮಗ ಒಂದು ದರದ ಮೇಲೆ ನಿಂತು ‘ಆತು’ ಅನ್ನಬೇಕು. ಅದೇ ತಂದೆಯ ದರವಾಗಿದ್ದರೆ ಆ ಕ್ಷಣದಿಂದ ಅಂಗಡಿಯ ಗಾದಿ ಮತ್ತು ಬೀಗದ ಕೈ ಮಗನದು. ಅಲ್ಲದಿದ್ದರೆ ಇನ್ನೊಂದು ವರ್ಷ ಅವನು ಬಾಗಿಲ ಬಳಿಯ ಗೋಣಿತಟ್ಟಿನ ಮೇಲೆ ಕೂತು ಗಿರಾಕಿಗಳಿಗೆ ಮಾದರಿಯ ಅರಿಷಿಣ ಕೊಂಬು ಮುರಿದು ತೋರಿಸುತ್ತಿರಬೇಕು. ಯಾರು ಸೋತರೂ ಸೋತವರು ನೆರೆದವರಿಗೆಲ್ಲ ಚಹಾ ಹಂಚಬೇಕು. ಮುಖ ಓದಲು ಬಾರದವನು ಪೇಟೆಯಲ್ಲಿ ಮುಳುಗುತ್ತಾನೆ ಎಂಬುದು ಈ ಪದ್ಧತಿಯ ತರ್ಕ. ತರ್ಕದಲ್ಲಿ ತಪ್ಪಿರಲಿಲ್ಲ.

ಶಿವಲಿಂಗಪ್ಪ ತನ್ನ ತಂದೆಯನ್ನು ಮೊದಲ ವರ್ಷವೇ ಗೆದ್ದಿದ್ದ. “ನಮ್ಮಪ್ಪಗ ಖರೇ ದರ ಮುಟ್ಟಿದ ಕೂಡ್ಲೆ ಗಂಟಲಗುಂಡು ಜಿಗೀತಿತ್ತು, ಕಪ್ಪಿ ಹಂಗ,” ಎಂದು ಈಗಲೂ ಹೇಳಿ ನಗುತ್ತಿದ್ದ. ಅವನ ಮಗ ಸುಶಾಂತ ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿ ಅಂಗಡಿಗೆ ಬಂದಾಗಿನಿಂದ ಪ್ರತಿ ಪಾಡ್ವಾಕ್ಕೂ ಸೋತಿದ್ದ. ಮೂವತ್ತನಾಲ್ಕು ವರ್ಷವಾಗಿ ಮುಂದಲೆ ಬೋಳಾಗುತ್ತಿತ್ತು, ಇನ್ನೂ ತಟ್ಟಿನ ಮೇಲೇ ಇದ್ದ.

ಹೋದ ಪಾಡ್ವಾಕ್ಕೆ ಅವನು ಹೊಸ ಚಶ್ಮಾ ಹಾಕಿಕೊಂಡು ಕೂತಿದ್ದ. ಶಿವಲಿಂಗಪ್ಪ ರುಮಾಲು ಹೊದಿಸುವ ಮೊದಲೇ ಕೈ ಚಾಚಿ ಅದನ್ನು ಅವನ ಮೂಗಿನ ಮೇಲಿಂದ ಕಿತ್ತು ಪಕ್ಕಕ್ಕಿಟ್ಟ.

“ಪದ್ಧತಿ ಅಂದ್ರ ಪದ್ಧತಿ. ಮಾರಿ ಬಯಲ ಇರಬೇಕು.”

ಸುಶಾಂತ ಮಬ್ಬುಗಣ್ಣಲ್ಲಿ ಆ ಸೀಳನ್ನು ದಿಟ್ಟಿಸಿ, ಸುಮ್ಮನೆ ಒಂದು ದರಕ್ಕೆ ‘ಆತು’ ಅಂದು, ಸೋತ. ಆಮೇಲೆ ತಟ್ಟೆ ಹಿಡಿದು ಚಹಾ ಹಂಚುತ್ತ ಬಂದಾಗ ಶಿವಲಿಂಗಪ್ಪ ಒಂದು ಗುಟುಕು ಕುಡಿದು ಮುಖ ಹಿಂಡಿದ.

“ಏನ್ ಲೇ ಶಾಸ್ತ್ರಜ್ಞ, ಅಪ್ಪನ ಮಾರಿ ಓದೂದು ನಿಮ್ಮ ಸಿಲಬಸ್‌ದಾಗ ಇರಲಿಲ್ಲೇನು? ಚಹಾ ಉಪ್ಪ ಹತ್ತತದಲೋ. ಸಕ್ಕರಿ ಹಾಕೀಯೋ, ಅತ್ತೀಯೋ ಇದರಾಗ?”

ದಲಾಲರು ನಕ್ಕರು. ಎಲ್ಲರಿಗಿಂತ ಹಿರಿಯ ದಲಾಲ, ಸಮಡೋಳಿಯ ತವನಪ್ಪ, ನಗಲಿಲ್ಲ. ಆದರೆ ಅವನೂ ಚಹಾ ತೆಗೆದುಕೊಂಡ.

ಆ ಬೇಸಿಗೆಯಲ್ಲಿ ಜಮಖಂಡಿಯಿಂದ ಹೆಣ್ಣಿನ ಕಡೆಯವರು ಬಂದರು. “ಗಾದಿ ಮ್ಯಾಲೆ ಯಾರು ಕುಂದರತಾರ್ರಿ?” ಎಂದು ಕೇಳಿದರು. “ನಾನು. ಇವ ಬಾಗಲಾ ಕಾಯತಾನ,” ಅಂದ ಶಿವಲಿಂಗಪ್ಪ. ಅವರು ಮತ್ತೆ ಬರಲಿಲ್ಲ.

“ನಿಮ್ಮಪ್ಪಾರು ಹಂಗ ಅಂತಾರ ಖರೆ, ಒಳಗ ಭಾಳ ಮರಗತಾರ,” ಎಂದು ತಾಯಿ ಸುನಂದಾಬಾಯಿ ಪ್ರತಿ ಸಲವೂ ಹೇಳುತ್ತಿದ್ದಳು. “ಕಣ್ಣಾಗ ತೋರಸಂಗಿಲ್ಲ, ಅಷ್ಟ.”

ಸುಶಾಂತ ಇದನ್ನು ಪೂರ್ತಿ ನಂಬಿರಲಿಲ್ಲ. ಪೂರ್ತಿ ಬಿಟ್ಟೂ ಇರಲಿಲ್ಲ. ಕಾಣದ ಜಾಗದಲ್ಲಿ ಏನಿದೆ ಎಂದು ಊಹಿಸುವಾಗ ಮನುಷ್ಯ ಸಾಮಾನ್ಯವಾಗಿ ತನಗೆ ಬೇಕಾದುದನ್ನೇ ಇಡುತ್ತಾನೆ.

ಹೊಸ ಮಾಲಿನ ಹಂಗಾಮು ಶುರುವಾದ ಮೇಲೆ ಒಂದು ಮುಂಜಾನೆ ಲಿಲಾವಿನಲ್ಲಿ ಶಿವಲಿಂಗಪ್ಪನಿಗೆ ಒಳ್ಳೆಯ ರಾಶಿಯೊಂದು ತಪ್ಪಿತು. ಎದುರಿನವನು ಕೈ ಎತ್ತಿದ್ದು ಅವನಿಗೆ ಕಂಡಿರಲಿಲ್ಲ. ಎರಡು ದಿನದ ನಂತರ ಮತ್ತೆ ಹಾಗೇ ಆಯಿತು. ರುಮಾಲಿನ ಕಾಲಕ್ಕೆ ಹೇಳಿ ಮಾಡಿಸಿದ ರೆಪ್ಪೆಗಳು ಕೈ ಎತ್ತುವ ಕಾಲಕ್ಕೆ ಅಡ್ಡ ಬಂದಿದ್ದವು. ಎತ್ತಿದ ಕೈಗಳೆಲ್ಲ ಅವನ ದೃಷ್ಟಿಯ ಮೇಲ್ಭಾಗದಲ್ಲಿ ಏಳುತ್ತಿದ್ದವು, ಆ ಭಾಗವೇ ಅವನಿಗಿರಲಿಲ್ಲ.

“ಅಪ್ಪಾಜಿ, ಮಿರಜದಾಗ ಒಬ್ಬರು ಡಾಕ್ಟರ ಇದ್ದಾರ್ರಿ,” ಎಂದ ಸುಶಾಂತ ಆ ದಿನ ಊಟಕ್ಕೆ ಕೂತಾಗ. “ರೆಪ್ಪಿ ಮ್ಯಾಲಿನ ಜಾಸ್ತಿ ಚರ್ಮ ತಗದ್ರ ಮ್ಯಾಲಿಂದೆಲ್ಲಾ ಕಾಣತದ.”

“ನಿನಗ್ಯಾಕೋ ನನ್ನ ಕಣ್ಣಿನ ಕಾಳಜಿ?”

“ಮಂದಿ ನಗತಾರ್ರಿ. ಶೇಟಜಿಗೆ ಕೈ ಕಾಣವಲ್ದು ಅಂತ.”

ಮಂದಿಯ ನಗು ಶಿವಲಿಂಗಪ್ಪನಿಗೆ ಯಾವಾಗಲೂ ತನ್ನ ಕೈಯಲ್ಲಿರಬೇಕಾದ ವಸ್ತು. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಗದ್ದ ಎತ್ತಿ, ಸೀಳಿನಿಂದ ಮಗನನ್ನು ನೋಡಿದ. “ಆತು, ಹೋಗೂಣು. ಈ ಪಾಡ್ವಾಕ್ಕ ನಿನ್ನ ಮಾರಿನೂ ಸ್ವಚ್ಛ ನೋಡಿದಂಗಾತು.”

ಕಣ್ಣೆಂದರೆ ತಾನು ಹೊರಗೆ ನೋಡುವ ತೂತು ಎಂದಷ್ಟೇ ಅವನು ತಿಳಿದಿದ್ದ. ಆ ತೂತಿನಿಂದ ಬೇರೆಯವರು ಒಳಗೆ ನೋಡಬಹುದು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಮಿರಜದ ಆಸ್ಪತ್ರೆಯಲ್ಲಿ ಛಾಯಾ ಎಂಬ ಡಾಕ್ಟರು ಮೊದಲು ದೃಷ್ಟಿಯ ಹರವು ಅಳೆದರು. ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಮೊದಲ ಸಲ ಮೇಲಿನ ಅರ್ಧ ಕಪ್ಪಾಗಿ ಬಂತು. ಎರಡನೆಯ ಸಲ ರೆಪ್ಪೆಗಳನ್ನು ಪಟ್ಟಿಯಿಂದ ಎತ್ತಿ ಹಣೆಗೆ ಅಂಟಿಸಿದರು, ಕಪ್ಪೆಲ್ಲ ಹೋಯಿತು. ಆಮೇಲೆ ಅವರು ಚಿಮಟದಿಂದ ಸಡಿಲ ಚರ್ಮ ಹಿಡಿದು, ಕಣ್ಣು ಮುಚ್ಚಲು ಎಷ್ಟು ಬೇಕು, ಎಷ್ಟು ಹೆಚ್ಚಾಗಿದೆ ಎಂದು ಮತ್ತೆ ಮತ್ತೆ ನೋಡಿದರು.

“ಇನ್ನೂ ಸ್ವಲ್ಪ ಜಾಸ್ತಿ ತೆಗೆದರೆ?” ಎಂದು, ಅಪ್ಪ ಎದ್ದು ಹೊರಗೆ ಹೋದ ಮೇಲೆ, ಸುಶಾಂತ ಮರಾಠಿಯಲ್ಲಿ ಕೇಳಿದ.

ಡಾಕ್ಟರು ಅವನ ಕಡೆ ತಿರುಗಿದರು. ರೆಪ್ಪೆ ಇರುವುದು ತೆರೆಯುವುದಕ್ಕಲ್ಲ, ಮುಚ್ಚುವುದಕ್ಕೆ, ಎಂದರು. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ. ಸರಿಯಾದಷ್ಟೇ ತೆಗೆದರೂ ಮೊದಲ ಕೆಲವು ವಾರ ಬಾವಿನಿಂದ ರೆಪ್ಪೆ ಬಿಗಿಯಾಗಿ, ಪೂರ್ತಿ ಮುಚ್ಚುವುದಿಲ್ಲ. ಕಣ್ಣು ಒಣಗುತ್ತದೆ, ಒಣಗಿದಾಗ ಉರಿದು ನೀರು ಸುರಿಯುತ್ತದೆ. ಹನಿ ಔಷಧ ತಪ್ಪಬಾರದು. ಕಪ್ಪು ಕನ್ನಡಕ ಇರಲಿ. ಅರಿಷಿಣದ ಧೂಳಿನ ಕಡೆಗೆ ಒಂದು ತಿಂಗಳು ಹೋಗಬಾರದು. “ಪಾಡ್ವಾಕ್ಕೆ ಮೂರೇ ವಾರ ಇದೆ, ಅದು ಮುಗಿದ ಮೇಲೆ ಮಾಡೋಣವೇ?” ಎಂದು ಅವರೇ ಕೇಳಿದರು.

ಶಿವಲಿಂಗಪ್ಪ ಆಗ ಹೊರಗೆ ಬೆಂಚಿನ ಮೇಲೆ ಕೂತು ಪಕ್ಕದವನಿಗೆ ಪೇಟೆಯ ದರ ಹೇಳುತ್ತಿದ್ದ.

“ಬೇಡ. ಈಗಲೇ ಮಾಡಿರಿ,” ಎಂದ ಸುಶಾಂತ. “ಮನೆಯಲ್ಲೇ ಇರುತ್ತಾರೆ. ನಾನು ನೋಡಿಕೊಳ್ಳುತ್ತೇನೆ.”

ಶಸ್ತ್ರಕ್ರಿಯೆಯ ದಿನ ಶಿವಲಿಂಗಪ್ಪನನ್ನು ನೆಟ್ಟಗೆ ಕೂರಿಸಿ ರೆಪ್ಪೆಗಳ ಮೇಲೆ ನೇರಳೆ ಗೆರೆ ಎಳೆದರು. ಮಲಗಿದರೆ ಚರ್ಮ ಹಿಂದಕ್ಕೆ ಸರಿದು ಅಳತೆ ತಪ್ಪುತ್ತದೆ. ರೆಪ್ಪೆಯಷ್ಟೇ ಜೋಮು ಹಿಡಿಯುವ ಸೂಜಿ ಕೊಟ್ಟಿದ್ದರಿಂದ ಅವನು ಮೇಜಿನ ಮೇಲೂ ಮಾತಾಡುತ್ತಲೇ ಇದ್ದನೆಂದು ನರ್ಸು ಹೇಳಿದಳು. ಮುಗಿದ ಮೇಲೆ ಡಾಕ್ಟರು ತುಂಡು ಹತ್ತಿಬಟ್ಟೆಯ ಮೇಲೆ ತೆಗೆದದ್ದನ್ನು ಸುಶಾಂತನಿಗೆ ತೋರಿಸಿದರು. ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಸುರುಳಿಯಾದ ಎರಡು ಚೂರು. ಇಷ್ಟು ವರ್ಷ ತನ್ನನ್ನು ತಟ್ಟಿನ ಮೇಲೆ ಕೂರಿಸಿದ್ದು ಇದು ಎಂದು ಸುಶಾಂತ ಸ್ವಲ್ಪ ಬಾಗಿ ನೋಡಿದ. ಒಂದು ಅಂಚಿನಲ್ಲಿ ನೇರಳೆ ಗೆರೆ ಇನ್ನೂ ಇತ್ತು.

ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಉರಿ, ನೀರು, ಹನಿ ಔಷಧದ ಮಾತನ್ನು ಇಬ್ಬರಿಗೂ ಮತ್ತೆ ಹೇಳಿದರು. ಆಮೇಲೂ ಶಿವಲಿಂಗಪ್ಪ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡೇ ಇರುತ್ತಿದ್ದ. ಅದನ್ನು ತೆಗೆಯುತ್ತಿದ್ದುದು ಸುನಂದಾಬಾಯಿ ಔಷಧ ಹಾಕುವಾಗ ಮಾತ್ರ. ಮೊದಲ ಸಲ ಹಾಕಿದ ದಿನ ಸುಶಾಂತ ಬಾಗಿಲ ಹೊರಗಿದ್ದ. “ಹುಡುಗನ ಮ್ಯಾಲೆ ಸ್ವಲ್ಪ ದಯಾ ಇಡ್ರಿ ಈ ಪಾಡ್ವಾಕ್ಕ,” ಎಂದು ಅವಳು ಹೇಳುತ್ತಿದ್ದುದು ಕೇಳಿಸಿತು. ಬಾಗಿಲ ಸಂದಿನಿಂದ, ಅವಳು ಗಂಡನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡುವುದು ಕಂಡಿತು. ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು, ಔಷಧದ ಶೀಶೆ ಕೈಯಲ್ಲೇ ಇತ್ತು.

“ಹೆಂಗ ಅದಾವ ಕಣ್ಣು?” ಎಂದು ಸುಶಾಂತ ಕೇಳಿದ.

“ಅದಾವ,” ಅಂದಳು.

ಅಂದಿನಿಂದ ಅವಳು ‘ಒಳಗ ಮರಗತಾರ’ ಎಂಬ ಮಾತನ್ನು ಆಡಲಿಲ್ಲ. ಸುಶಾಂತ ಅದನ್ನು ಗಮನಿಸಿದರೂ ಅದಕ್ಕೆ ಕಾರಣ ಹುಡುಕುವ ಪುರುಸೊತ್ತು ಅವನಿಗಿರಲಿಲ್ಲ. ಅವನು ಪಾಪೆಯ ಬಗ್ಗೆ ಓದುತ್ತಿದ್ದ. ಬೇಕಾದದ್ದು ಕಂಡಾಗ ಪಾಪೆ ಹಿಗ್ಗುತ್ತದೆ, ಮನುಷ್ಯ ತಡೆಯಲು ನೋಡಿದರೂ ತಡೆಯಲಾಗುವುದಿಲ್ಲ. ಖರೆ ದರ ಮುಟ್ಟಿದಾಗ ಅಪ್ಪನ ಪಾಪೆ ಹಿಗ್ಗುತ್ತದೆ, ಇಲ್ಲವೆ ರೆಪ್ಪೆ ಅದುರುತ್ತದೆ. ಅಜ್ಜನ ಗಂಟಲಗುಂಡಿನ ಹಾಗೆ ಏನೋ ಒಂದು ಜಿಗಿಯುತ್ತದೆ. ಅವನ ಲೆಕ್ಕ ಅಷ್ಟೇ ಇತ್ತು.

ಪಾಡ್ವಾದ ಮುಂಜಾನೆ ಅವನು ಎಲ್ಲರಿಗಿಂತ ಮೊದಲು ಅಂಗಡಿಗೆ ಹೋಗಿ, ಕಸ ಹೊಡೆದು, ಗಾದಿಯ ಮೇಲಿನ ಫ್ಯಾನನ್ನು ಪೂರ್ತಿ ಜೋರಾಗಿ ಹಚ್ಚಿದ. ಹೊಸ ಔಷಧದ ಶೀಶೆಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಹೊರಡುವಾಗ ತಾಯಿ ಕೊಟ್ಟಿದ್ದಳು. ಕೊಡುವಾಗ, “ಅವರ ಕಣ್ಣಾಗ ಭಾಳ ಹೊತ್ತು ನೋಡಬ್ಯಾಡ,” ಅಂದಿದ್ದಳು.

ದಲಾಲರು ಬಂದರು. ಶಿವಲಿಂಗಪ್ಪ ಗಾದಿಯ ಮೇಲೆ ಕೂತು ತವನಪ್ಪನ ಕಿವಿಯಲ್ಲಿ ದರ ಹೇಳಿದ. ಮೂಲೆಯ ಚೀಲಗಳಿಂದ ಏಳುತ್ತಿದ್ದ ಧೂಳು ಫ್ಯಾನಿನ ಗಾಳಿಗೆ ಬಿಸಿಲಲ್ಲಿ ಸುತ್ತುತ್ತಿತ್ತು.

“ಶೇಟಜಿ, ಕರೀ ಚಶ್ಮಾ ಇರಲಿ ಬಿಡ್ರಿ,” ಅಂದ ತವನಪ್ಪ. “ಕಣ್ಣಿನ್ನೂ ಹಸಿ ಅದಾವ.”

ಸುಶಾಂತನ ಮೂಗಿನ ಮೇಲೆ ತೆಗೆಯಲು ಚಶ್ಮಾ ಇರಲಿಲ್ಲ. ಈ ವರ್ಷ ಅವನು ಅದನ್ನು ಹಾಕಿಯೇ ಇರಲಿಲ್ಲ, ಲೆನ್ಸು ಹಾಕಿದ್ದ. “ಪದ್ಧತಿ ಅಂದ್ರ ಪದ್ಧತಿ, ಕಾಕಾ,” ಅಂದ. “ಮಾರಿ ಬಯಲ ಇರಬೇಕು.”

“ಅಲೆಲೆಲೆ! ಮಗಾ ಮಾತ ಕಲ್ತ,” ಎಂದು ಶಿವಲಿಂಗಪ್ಪ ತಾನೇ ಕನ್ನಡಕ ತೆಗೆದು ತವನಪ್ಪನ ಕೈಯಲ್ಲಿಟ್ಟ. “ನೋಡ ಲೇ. ಎಷ್ಟು ನೋಡತಿ ನೋಡು.”

ದಲಾಲರು ಮುಂದಕ್ಕೆ ಬಾಗಿ ನೋಡಿದರು. ಇಪ್ಪತ್ತು ವರ್ಷ ಅವನ ಎದುರು ವ್ಯಾಪಾರ ಮಾಡಿದವರಿಗೂ ಅವನ ಕಣ್ಣು ದೊಡ್ಡವು, ಕಂದು ಬಣ್ಣದವು ಎಂದು ಗೊತ್ತಿರಲಿಲ್ಲ.

ರುಮಾಲು ಬಿತ್ತು. ಸುಶಾಂತ ತಂದೆಯ ಬೆರಳು ಹಿಡಿದು ಹದಿಮೂರು ಸಾವಿರ ಮುಟ್ಟಿದ. ಪಾಪೆ ನೋಡಿದ. ಅದು ಆಗಲೇ ಅಗಲವಾಗಿತ್ತು. ಕೆಳರೆಪ್ಪೆ ತುಸು ಮೇಲೆದ್ದು, ಕಣ್ಣಿನ ಹೊರ ಅಂಚಿನಲ್ಲಿ ಸಣ್ಣ ನೆರಿಗೆಗಳು ಕೂಡಿದ್ದವು. ಹದಿನಾಲ್ಕಕ್ಕೆ ಬಂದ. ನೆರಿಗೆ ಸ್ವಲ್ಪ ಬಿಚ್ಚಿತು. ಹದಿನೈದು. ಕಣ್ಣು ಸುಮ್ಮನಾಯಿತು. ಹದಿನಾರು. ಹಾಗೇ ಇತ್ತು. ಹದಿನೇಳಕ್ಕೆ ಹೋದಾಗ ನೆರಿಗೆಗಳು ಮತ್ತೆ ಕೂಡಿದವು, ಪಾಪೆ ಮತ್ತೆ ಅರಳಿತು.

ಅವನ ಲೆಕ್ಕ ತಲೆಕೆಳಗಾಗಿತ್ತು. ಖರೆ ದರದ ಬಳಿ ಏನೂ ಜಿಗಿಯುತ್ತಿರಲಿಲ್ಲ. ಅರಳುತ್ತಿದ್ದುದು ತಾನು ದಾರಿ ತಪ್ಪಿದಾಗ. ಒಂದೇ ಸಲ ಕಂಡದ್ದನ್ನು ನಂಬಬಾರದೆಂದು ಕಾಲೇಜು ಅವನಿಗೆ ಕಲಿಸಿತ್ತು. ಆದ್ದರಿಂದ ಹದಿನೇಳರ ಮೇಲೇ ಬೆರಳಿಟ್ಟು, ಬೇಕೆಂದೇ ಮುಖ ಸೋತವನ ಹಾಗೆ ಮಾಡಿದ. ತುಟಿ ಕಚ್ಚಿ, ಹುಬ್ಬು ಕುಗ್ಗಿಸಿ, ಇನ್ನೇನು ಅತ್ತುಬಿಡುವವನ ಹಾಗೆ ಒಂದು ಉಸಿರು ಬಿಟ್ಟ.

ಶಿವಲಿಂಗಪ್ಪನ ಕಣ್ಣುಗಳು ಬೆಳಗಿದವು. ಹೋಳಿಗೆಯ ತಾಟು ಮುಂದೆ ಬಂದ ಹಸಿದವನ ಕಣ್ಣುಗಳಂತೆ, ಒಂದಿಷ್ಟೂ ಮುಚ್ಚುಮರೆ ಇಲ್ಲದೆ. ಮುಚ್ಚುವುದನ್ನು ಅವನು ಕಲಿತೇ ಇರಲಿಲ್ಲ. ಪರದೆ ಬಿದ್ದ ಕಿಟಕಿಯ ಹಿಂದೆ ಇಷ್ಟು ವರ್ಷ ಹೇಗೆ ಬೇಕೋ ಹಾಗೆ ಇದ್ದವನು, ಪರದೆ ಇಲ್ಲದಾಗಲೂ ಹಾಗೇ ಇದ್ದ.

ಒಳಗೆ ಮರುಗುವವನು ಯಾರೂ ಇರಲಿಲ್ಲ. ಪ್ರತಿ ಪಾಡ್ವಾಕ್ಕೂ, ಪ್ರತಿ ಚಹಾದ ತಟ್ಟೆಗೂ, ಜಮಖಂಡಿಯವರು ಎದ್ದು ಹೋದ ದಿನವೂ, ಆ ರೆಪ್ಪೆಗಳ ಹಿಂದೆ ಇದ್ದುದು ಇದೇ. ತಾಯಿಗೆ ಇದು ಔಷಧ ಹಾಕಿದ ದಿನವೇ ಕಂಡಿತ್ತು.

ಸುಶಾಂತ ಬೆರಳುಗಳನ್ನು ನಿಧಾನವಾಗಿ ಹಿಂದಕ್ಕೆ ತಂದ. ಹದಿನಾರಕ್ಕೆ ಬೆಳಕು ಸಣ್ಣಗಾಯಿತು. ಹದಿನೈದರ ಮೇಲೆ ಗೆಣ್ಣು ಒತ್ತಿದ. ಹದಿನೈದೂವರೆ. ಬೆಳಕು ಆರಿತು. ಕೆಳರೆಪ್ಪೆ ಇಳಿಯಿತು, ನೆರಿಗೆಗಳು ಒಂದೂ ಉಳಿಯಲಿಲ್ಲ.

ಅವನು ‘ಆತು’ ಅನ್ನಬಹುದಿತ್ತು. ಅನ್ನಲಿಲ್ಲ. ಗೆಣ್ಣಿನ ಮೇಲೆ ಬೆರಳು ಒತ್ತಿಕೊಂಡೇ ಕೂತ.

ಫ್ಯಾನು ತಿರುಗುತ್ತಿತ್ತು. ಶಿವಲಿಂಗಪ್ಪನಿಗೆ ಮೊದಲು ಗೊತ್ತಾದದ್ದು ಮಗನಿಗೆ ಗೊತ್ತಾಗಿದೆ ಎಂಬುದು, ಆಮೇಲೆ ಉರಿ. ಅವನು ಕಣ್ಣು ಮುಚ್ಚಲು ನೋಡಿದ. ರೆಪ್ಪೆಗಳು ಇಳಿದವು, ಒಂದಕ್ಕೊಂದು ಮುಟ್ಟಲಿಲ್ಲ. ನಡುವೆ ಬಿಳಿಯ ಗೆರೆ ಉಳಿಯಿತು. ಮತ್ತೆ ತೆರೆದ, ಮತ್ತೆ ಇಳಿಸಿದ. ಬಿಳಿ ಗೆರೆ ಕೆಂಪಾಗುತ್ತ ಬಂತು. ನೀರು ತುಂಬಿ ಕೆನ್ನೆಗೆ ಇಳಿಯಿತು. ಮುಖ ತಿರುಗಿಸುವಂತಿರಲಿಲ್ಲ, ಕೈ ಎತ್ತುವಂತಿರಲಿಲ್ಲ.

“ಹೇಳಿಬಿಡೋ,” ಅಂದ ಶಿವಲಿಂಗಪ್ಪ ಮೆಲ್ಲಗೆ.

ಸುಶಾಂತ ಗೆಣ್ಣನ್ನು ಇನ್ನಷ್ಟು ಒತ್ತಿದ.

“ಸುಶಾಂತಾ. ಹೇಳೋ.”

ಅಂಗಡಿಯಲ್ಲಿ ಅವನು ಮಗನನ್ನು ಹೆಸರು ಹಿಡಿದು ಕರೆದದ್ದು ಯಾರಿಗೂ ನೆನಪಿರಲಿಲ್ಲ. ಸುಶಾಂತ ಆ ಕಣ್ಣುಗಳನ್ನು ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಕೂತ. ಹಾಗೆ ಕೂತಿರುವುದು ಸುಖವಾಗಿತ್ತು. ಕಿಸೆಯೊಳಗಿನ ಶೀಶೆ ಎದೆಗೆ ತಾಗುತ್ತಿತ್ತು.

“ಆತು,” ಅಂದ ಕೊನೆಗೆ, ಮತ್ತು ರುಮಾಲು ಎಳೆದ. “ಹದಿನೈದೂವರೆ.”

ಎಲ್ಲರೂ ತವನಪ್ಪನನ್ನು ನೋಡಿದರು. ತವನಪ್ಪ ಹೌದೆಂದು ಗೋಣು ಹಾಕಿದ.

ಶಿವಲಿಂಗಪ್ಪ ಗಾದಿಯಿಂದ ಇಳಿದ. ಬೀಗದ ಕೈಯನ್ನು ಒರಗುವ ಲೋಡಿನ ಬಳಿ ಇಟ್ಟ. ಚಹಾದ ತಟ್ಟೆ ಯಾರೋ ಅವನ ಕೈಗೆ ಕೊಟ್ಟರು. ಅವನು ದಲಾಲರ ಸಾಲಿನ ಮುಂದೆ ಹಂಚುತ್ತ ಹೋದ. ಅವನ ಕೆನ್ನೆಯಿಂದ ನೀರು ಗದ್ದಕ್ಕೆ ಇಳಿದು ಹನಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ.

“ಶೇಟಜಿ, ಚಹಾ ಉಪ್ಪ ಹತ್ತತದಲ್ರಿ!” ಎಂದ ಒಬ್ಬ ದಲಾಲ.

ಅಂಗಡಿಯೇ ಹಾರಿ ಹೋಗುವ ಹಾಗೆ ನಕ್ಕರು.

“ಅಳಾಕತ್ತಾರಪ್ಪೋ ನಿದ್ದಿಗಣ್ಣ ಶೇಟಜಿ!”

“ನಿದ್ದಿಗಣ್ಣ ಎಲ್ಲೈತಿ ಈಗ? ಈಗ ಬಾವಿಗಣ್ಣ.”

“ಅಳವಲ್ಲೆ ಲೇ ನಾ,” ಎಂದು ಶಿವಲಿಂಗಪ್ಪ ತಟ್ಟೆ ಹಿಡಿದುಕೊಂಡೇ ತಿರುಗಿದ. “ಔಷಧ ಇಲ್ಲ, ಉರಿ ಅದು. ಡಾಕ್ಟರ್ಬಾಯಿ ಹೇಳ್ಯಾಳ. ಸುಶಾಂತಾ, ನೀ ಇದ್ದೀಯಲ್ಲ ಆವತ್ತ. ಹೇಳೋ ಇವರಿಗೆ, ಆಕಿ ಏನ್ ಹೇಳ್ಯಾಳ.”

ಹೇಳಿದ್ದೇನೆಂದು ಸುಶಾಂತನಿಗೆ ಅಕ್ಷರಶಃ ನೆನಪಿತ್ತು. ಕಣ್ಣು ಒಣಗಿದಾಗ ಬರುವ ನೀರು, ದುಃಖಕ್ಕೂ ಅದಕ್ಕೂ ಸಂಬಂಧವಿಲ್ಲ. ಅವನು ಗಾದಿಯ ಮೇಲೆ ಕೂತು, ಕಾಲು ಮಡಿಚಿ, ತಟ್ಟೆಯಿಂದ ಒಂದು ಕಪ್ ಚಹಾ ಎತ್ತಿಕೊಂಡ.

“ನನಗೇನ ಗೊತ್ತರಿ ಅಪ್ಪಾಜಿ,” ಅಂದ. “ನಮ್ಮ ಸಿಲಬಸ್‌ದಾಗ ಇರಲಿಲ್ಲ.”

ಈ ಸಲ ತವನಪ್ಪನೂ ನಕ್ಕ. ನಕ್ಕ ಮೇಲೆ ಕೈಯಲ್ಲಿದ್ದ ಕಪ್ಪು ಕನ್ನಡಕವನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ, ಚೀಲದ ಮೇಲಿಟ್ಟು ಹೊರಟುಹೋದ.

ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರೂ ಒಂದೇ ರಿಕ್ಷಾದಲ್ಲಿ ಮನೆಗೆ ಬಂದರು. ಶಿವಲಿಂಗಪ್ಪ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು ನೇರ ಒಳಕೋಣೆಗೆ ಹೋದ. ಸುನಂದಾಬಾಯಿ ಒಲೆಯ ಮುಂದಿನಿಂದ ಎದ್ದು ಬಂದಳು. ಸುಶಾಂತನ ಕೈಯಲ್ಲಿದ್ದ ಬೀಗದ ಕೈ ನೋಡಿದಳು.

“ಔಷಧ ಹಾಕಿದೇನು?”

ಅವನು ಕಿಸೆಯಿಂದ ಶೀಶೆ ತೆಗೆದುಕೊಟ್ಟ. ಮುಚ್ಚಳದ ಸೀಲು ಹಾಗೇ ಇತ್ತು.

“ಮರತೆ, ಅವ್ವಾ.”

ಅವಳು ಅವನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು, ಗಂಡನಿಗೆ ಔಷಧ ಹಾಕುವ ಮೊದಲು ತಿರುಗಿಸುತ್ತಿದ್ದ ಹಾಗೆಯೇ. ಅವನ ಕಣ್ಣೊಳಗೆ ನೋಡಿದಳು.

“ಮರತಿಲ್ಲ ನೀ,” ಅಂದಳು, ಮತ್ತು ಗದ್ದ ಬಿಟ್ಟು ಒಳಗೆ ಹೋದಳು.

ಒಳಕೋಣೆಯಲ್ಲಿ ಸೀಲು ಮುರಿದ ಸದ್ದು, “ಮ್ಯಾಲೆ ನೋಡ್ರಿ” ಎಂಬ ದನಿ, ಶಿವಲಿಂಗಪ್ಪನ ನರಳಿಕೆ ಕೇಳಿಸಿದವು. ಅವಳು ಹೊರಗೆ ಬಂದು ಕೈ ತೊಳೆದುಕೊಂಡು ಮಗನಿಗೆ ತಾಟು ಇಟ್ಟಳು. ಅವನಿಗೆ ಬಹಳ ಹಸಿವಾಗಿತ್ತು. ಎರಡು ಹೋಳಿಗೆ ತಿಂದು ಇನ್ನೊಂದು ಕೇಳಿದ. ಅವಳು ಅವನ ಕಣ್ಣಿನ ಕಡೆ ನೋಡದೆ, ತಾಟನ್ನಷ್ಟೇ ನೋಡುತ್ತ ಬಡಿಸಿದಳು.